ಕೊಡುವ ಕೊಳಗ, ಕೊಳ್ಳುವ ಕೊಳಗ

ಸಿಪ್ಪರಿನಲ್ಲಿ ಆಗ ಕಾಗದವಿರಲಿಲ್ಲ.
ಕದಿಯಲು ಕಡತವಿಲ್ಲ, ಸೋರಲು ಶಾಯಿಯಿಲ್ಲ.
ಇದ್ದದ್ದು ಯುಫ್ರೆಟಿಸ್ ತಂದು ಸುರಿದ ಮಣ್ಣು,
ಜೊಂಡಿನ ಕಡ್ಡಿ,
ಮತ್ತೆ ತಾರಾಮ್-ಅಯಾಳ ಬಲಗೈ:
ಹೆಬ್ಬೆರಳ ಉಗುರು ಸೀಳಿತ್ತು
ಯಾವಾಗಲೋ ಬಾಗಿಲಿಗೆ ಸಿಕ್ಕಿ.

ಸೂರ್ಯದೇವನ ಗುಡಿಯ ಕಣಜದಲ್ಲಿ ಅವಳು ಲೆಕ್ಕದವಳು.
ನೇಯುವ ಹೆಂಗಸರಿಗೆ ತಿಂಗಳಿಗೆ ಇಷ್ಟು ಜವೆ,
ಹಾಲುಕೂಸಿದ್ದರೆ ಇನ್ನಷ್ಟು,
ಸತ್ತರೆ ಹೆಸರಿನ ಮುಂದೊಂದು ಗೀರು.
ಹೇಳಿದ್ದನ್ನು ಬರೆ, ಬರೆದದ್ದನ್ನು ಓದು,
ಓದಿದ್ದನ್ನು ಮರೆ.
ಗುರು ಕಲಿಸಿದ ಮೂರು ಪಾಠದಲ್ಲಿ
ಮೂರನೆಯದು ಅವಳಿಗೆ ಒಲಿಯಲೇ ಇಲ್ಲ.

ಕಣಜದ ಮೂಲೆಯಲ್ಲಿ ಎರಡು ಕೊಳಗ.
ಒಂದೇ ಮರ, ಒಂದೇ ಕಂಚಿನ ಪಟ್ಟಿ, ಒಂದೇ ಎತ್ತರ.
ಕೊಳ್ಳುವ ಕೊಳಗದ ತಳ ತೆಳು;
ಕೊಡುವ ಕೊಳಗದ ತಳ
ಮೂರು ಬೆರಳು ದಪ್ಪ.
ಮೂರು ಬೆರಳು ಏನು ಮಹಾ, ಅನ್ನಬೇಡಿ.
ಎಪ್ಪತ್ತು ಹೆಂಗಸರು, ಹನ್ನೆರಡು ತಿಂಗಳು.
ಪಾರುಪತ್ಯಗಾರ ಇಬ್ನಿ-ಅಮುರ್ರುವಿನ ಮನೆಗೆ
ಎರಡನೆಯ ಅಂತಸ್ತು ಎದ್ದದ್ದು
ಆ ಮೂರು ಬೆರಳಿನ ಮೇಲೇ.

ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು.
ಕತ್ತೆ ಹೊಡೆಯುವವನಿಗೆ ಗೊತ್ತಿತ್ತು, ಕಣಜದ ಇಲಿಗಳಿಗೂ.
ಎಲ್ಲೂ ಬರೆದಿರಲಿಲ್ಲ, ಅಷ್ಟೆ.

ಆ ಚಳಿಗಾಲ, ಎರಡು ಮಕ್ಕಳ ವಿಧವೆ
ನೇಕಾರಗಿತ್ತಿ ಬೆಲ್ತಾನಿ
ಚೀಲ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿ
"ನನ್ನ ತೋಳಿಗೇ ಬಲ ಬಂತೋ ಏನೋ,
ವರ್ಷದಿಂದ ವರ್ಷಕ್ಕೆ ಹಗುರಾಗ್ತಿದೆ" ಅಂದಳು.
ನಕ್ಕಳು ಕೂಡ.
ತಾರಾಮ್-ಅಯಾ ನಗಲಿಲ್ಲ.

ಅಂದು ರಾತ್ರಿ ದೀಪದೆಣ್ಣೆ ಅವಳದೇ ಖರ್ಚು.
ಅಂಗೈಯಗಲ ಮಣ್ಣಿನ ಬಿಲ್ಲೆಯ ಮೇಲೆ
ಬಂದದ್ದು, ಹೋದದ್ದು, ನಡುವೆ ಇಂಗಿದ್ದು.
ಕೊನೆಯ ಸಾಲಿಗೆ ಕಡ್ಡಿ ನಿಂತಿತು.
ವಾಡಿಕೆಯಂತೆ ಅಲ್ಲಿ ಬರೆದವರ ಹೆಸರು.
ಬಿಟ್ಟರೆ?
ಬಿಟ್ಟರೂ ಏನು, ಅವಳ ಗೀರುಗಳು
ಎಡಕ್ಕೆ ವಾಲುತ್ತವೆಂದು
ಊರಿನ ಲಿಪಿಕಾರರೆಲ್ಲ ಆಡಿಕೊಳ್ಳುತ್ತಿದ್ದರು.
ಹೊರಗೆ ನಾಯಿ ಬೊಗಳಿತು, ಸುಮ್ಮನಾಯಿತು.
ಅವಳು ಹೆಸರು ಒತ್ತಿದಳು.

ಬಿಲ್ಲೆ ಒಣಗಿದ ಮೇಲೆ ಹಸಿಮಣ್ಣು ಸುತ್ತಿದಳು,
ಕಡುಬಿನೊಳಗೆ ಹೂರಣ ಮುಚ್ಚಿದ ಹಾಗೆ.
ಒಳಗಿನ ಬರಹವೇ ಹೊರಗೂ ಇರಬೇಕು, ಅದು ಪದ್ಧತಿ;
ತಕರಾರು ಬಂದರೆ ಹೊರಗಿನದನ್ನು ಒಡೆದು
ಒಳಗಿನದನ್ನು ನಂಬಬೇಕು.
ಮಣ್ಣಿನ ಆ ಲಕೋಟೆಯ ಮೇಲೆ
ಇಬ್ನಿ-ಅಮುರ್ರು ಹೇಳಿದ ಲೆಕ್ಕ ಬರೆದಳು,
ಹೇಳಿದ ಹಾಗೇ, ಒಂದು ಗೀರು ಬಿಡದೆ.
ಅವನು ಆಕಳಿಸುತ್ತ ಕೊರಳ ಮುದ್ರೆ ಬಿಚ್ಚಿ
ಸುತ್ತಲೂ ಉರುಳಿಸಿದ:
ಸಿಂಹ, ಖರ್ಜೂರದ ಮರ, ಅವನಪ್ಪನ ಹೆಸರು.

ಎರಡು ವರ್ಷ ಅದು ಗೂಡಿನಲ್ಲಿ ಕೂತಿತ್ತು.
ದಿನವೂ ಅದರ ಮುಂದೆಯೇ ಅವಳ ಓಡಾಟ.
ಒಡೆಯಲು ತಕರಾರು ಬೇಕು,
ತಕರಾರಿಗೆ ಒಬ್ಬರು ಬೇಕು.
ಕೊನೆಗೊಂದು ಸಂಜೆ, ಬಾವಿಯ ಬಳಿ,
ಬೆಲ್ತಾನಿಯ ಕಿವಿಗೆ ಎರಡೇ ಪದ:
"ಲಕೋಟೆ ಒಡೆಸು."

ಗುಡಿಯ ಬಾಗಿಲಲ್ಲಿ ನ್ಯಾಯ ಕೂತಿತು.
ಕಲ್ಲಿನ ಒಂದೇ ಏಟು, ಕಡುಬು ಬಿರಿಯಿತು.
ನ್ಯಾಯಾಧೀಶ ಓದಿದ. ಚೂರುಗಳನ್ನು ಜೋಡಿಸಿ
ಮೊಹರನ್ನು ನೋಡಿದ. ಮತ್ತೆ ಓದಿದ.
"ಉಂಡ ಮನೆಗೆ ಎರಡು ಬಗೆದವಳು!"
ಇಬ್ನಿ-ಅಮುರ್ರುವಿನ ಕೂಗು ಬೀದಿಯವರೆಗೆ.
"ಉಂಡದ್ದು ಯಾರು?"
ಕೇಳಿದವಳು ಬೆಲ್ತಾನಿ.

ಮುಂದಿನದು,
ಕತೆ ಕಟ್ಟಿದವನು ನಾನೇ ಆದರೂ,
ನನಗೆ ಸರಿಯಾಗಿ ಕಾಣುತ್ತಿಲ್ಲ.
ಮರುವರ್ಷದ ಪಡಿಯ ಪಟ್ಟಿ ಮಾತ್ರ ಕಾಣುತ್ತದೆ:
ಎಪ್ಪತ್ತು ಹೆಸರು, ಬೆಲ್ತಾನಿಯದೂ ಇದೆ,
ಜವೆ ಮೊದಲಿಗಿಂತ ಹೆಚ್ಚು.
ಬರೆದವರ ಹೆಸರಿರಬೇಕಾದ ಮೂಲೆ
ಮುರಿದುಹೋಗಿದೆ.
ಉಳಿದ ಗೀರುಗಳೆಲ್ಲ
ನೆಟ್ಟಗಿವೆ.